ಮಾವನವರು ರೊಟ್ಟಿ ಬಿಟ್ಟ ಶ್ರಾವಣ

ನಮ್ಮ ಮನೆಯಲ್ಲಿ ಆರು ವರ್ಷಕ್ಕೂ ಮೇಲೆ ದಿನಾ ಎರಡು ನಮೂನೆ ಅಡಿಗೆ ನಡೆಯಿತು. ನಮಗೆಲ್ಲ ರೊಟ್ಟಿ, ಪಲ್ಯ, ಬೇಳೆ. ಮಾವನವರಿಗೆ ಸಾಬೂದಾಣಿ, ಆಲೂಗಡ್ಡೆ, ಶೇಂಗಾ, ಹಾಲು. ಮನೆಗೆ ಬಂದ ನೆಂಟರು ಮಾವನವರಿಗೆ ಏನೋ ಜಡ್ಡು ಇರಬೇಕು ಎಂದುಕೊಂಡು ನನ್ನನ್ನು ಒಳಗೆ ಕರೆದು ಮೆಲ್ಲಗೆ ಕೇಳುತ್ತಿದ್ದರು. ಜಡ್ಡು ಆಮೇಲೆ ಬಂದದ್ದು. ಮೊದಲಿಗೆ ಅವರು ಗಟ್ಟಿಮುಟ್ಟಾಗಿಯೇ ಇದ್ದರು. ಅವರು ಜೋಳ, ಅಕ್ಕಿ, ಬೇಳೆಯಂಥ ಕಾಳಿನ ಊಟ ಬಿಟ್ಟದ್ದು ಸರಕಾರದ ಮೇಲೊಬ್ಬ ಕಾವಲುಗಾರ ಬರಲಿ ಎಂದು. ಹೀಗೆ ಹೇಳಿದರೆ ನೆಂಟರು ನನ್ನ ಮುಖವನ್ನೇ ನೋಡುತ್ತಿದ್ದರು. ಅದಕ್ಕೇ ನಾನು ‘ವ್ರತ ಅದರಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಈಗ ಎಲ್ಲವನ್ನೂ ಬರೆದಿಡು ಎಂದು ನಮ್ಮ ಮನೆಯವರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಮಾವನವರು ಪ್ರಾಥಮಿಕ ಶಾಲೆಯಲ್ಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಸುರಪುರದಲ್ಲಿ ಅವರನ್ನು ಎಲ್ಲರೂ ಮಾಸ್ತರ ಎಂದೇ ಕರೆಯುತ್ತಿದ್ದರು. ಪಿಂಚಣಿ ಬರುತ್ತಿತ್ತು. ನಮ್ಮ ಮನೆಯವರದು ಬಜಾರದಲ್ಲಿ ಒಂದು ಬಟ್ಟೆ ಅಂಗಡಿ. ದೇವಾಪುರದ ಕಡೆ ಸ್ವಲ್ಪ ಹೊಲ ಇತ್ತು, ಅದನ್ನು ಪಾಲಿಗೆ ಕೊಟ್ಟಿದ್ದೆವು. ಶಿವನು ಉಣ್ಣಲಿಕ್ಕೆ ಉಡಲಿಕ್ಕೆ ಕಡಿಮೆ ಮಾಡಿರಲಿಲ್ಲ. ಈ ಮಾತನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮಾವನವರು ಹೊಟ್ಟೆಗಿಲ್ಲದೆ ಹೋರಾಟಕ್ಕೆ ಹೋದವರಲ್ಲ.

ಕೃಷ್ಣೆಯ ನೀರು ಕಾಲುವೆಗೆ ಬಂದ ಮೇಲೆ ನಮ್ಮ ಕಡೆಯ ನೆಲದ ಬಣ್ಣವೇ ಬದಲಾಯಿತು. ನಾನು ಮದುವೆಯಾಗಿ ಬಂದಾಗ ಶಹಾಪುರದ ದಾರಿಯ ಎರಡೂ ಬದಿ ಜೋಳ, ತೊಗರಿ. ನೋಡನೋಡುತ್ತಿದ್ದಂತೆ ಭತ್ತದ ಗದ್ದೆಗಳಾದವು. ಆದರೆ ನೀರು ಮೇಲಿನ ಹೊಲಗಳಲ್ಲೇ ನಿಲ್ಲುತ್ತಿತ್ತು. ನಮ್ಮದು ಟೇಲೆಂಡ್, ಅಂದರೆ ಕಾಲುವೆಯ ಬಾಲ. ಉಪಕಾಲುವೆಯಿಂದ ನಮ್ಮ ಹೊಲಕ್ಕೂ ಅಕ್ಕಪಕ್ಕದವರ ಹೊಲಕ್ಕೂ ಒಂದು ಸಣ್ಣ ಹೊಲಗಾಲುವೆ ತೋಡಿಕೊಡಬೇಕಿತ್ತು. ಅದನ್ನು ಯಾವಾಗ ತೋಡುತ್ತೀರಿ ಎಂದು ಕೇಳಲು ಮಾವನವರು ಒಂದು ಕಚೇರಿಗೆ ಹೋದರು. ಯಾವ ಕಚೇರಿ ಎಂದು ಬರೆಯುವುದು ಬೇಡ. ಅಲ್ಲಿಯವರು ಕಡತ ತೆಗೆದು ನೋಡಿ, “ಮಾಸ್ತರ, ನಿಮ್ಮ ಹೊಲಗಾಲುವಿ ಆಗಿ ಮೂರು ವರ್ಷ ಆತಲ್ಲರಿ” ಎಂದರಂತೆ.

ಮಧ್ಯಾಹ್ನ ಉಣ್ಣುವಾಗ ಮಾವನವರು ಇದನ್ನು ಹೇಳಿದರು. ಅತ್ತೆಯವರ ಬಾಯಿ ಬಲು ಹರಿತ.

“ಹಂಗಾರ ಹೋಗಿ ಒಂದು ಕೊಡ ನೀರು ತರ್ರಿ,” ಎಂದರು. “ಮೂರು ವರ್ಷದ ನೀರು ಹಳಸಿ ಹೋಗಿರಬೇಕು.”

ನಾವೆಲ್ಲ ನಕ್ಕೆವು. ಮಾವನವರೂ ನಕ್ಕರು. ಆವತ್ತು ಅದು ನಗುವ ಸಂಗತಿಯೇ ಆಗಿತ್ತು.

ಅವರು ಅರ್ಜಿ ಬರೆದರು. ಅಕ್ಷರ ಮುತ್ತಿನಂಥವು, ಒಂದೂ ತಿದ್ದುಪಡಿ ಇರುತ್ತಿರಲಿಲ್ಲ. ಯಾದಗಿರಿ ಹೊಸದಾಗಿ ಜಿಲ್ಲೆಯಾಗಿತ್ತು. ಬಸ್ಸಿಗೆ ಹೋಗಿ ಅಲ್ಲಿ ಕೊಟ್ಟು ಬಂದರು. ಯಾದಗಿರಿಯವರು ಅದನ್ನು ಶಹಾಪುರಕ್ಕೆ ಕಳಿಸಿದರು. ಶಹಾಪುರದವರು ಸುರಪುರಕ್ಕೆ ಕಳಿಸಿದರು. ಕೊನೆಗೆ ಒಂದು ದಿನ ಒಬ್ಬ ಸಾಹೇಬರು ಆ ಅರ್ಜಿಯನ್ನು ಕೈಯಲ್ಲಿ ಹಿಡಿದು ನಮ್ಮ ಮನೆಗೇ ಬಂದರು. ಕಾಲುವೆ ಆಗಿದೆ ಎಂದು ಮೂರು ವರ್ಷದ ಹಿಂದೆ ಸಹಿ ಮಾಡಿದವರು ಅವರೇ.

“ಮಾಸ್ತರ, ನಿಮ್ಮ ಅರ್ಜಿ ಮ್ಯಾಲ ವಿಚಾರಣಿ ಮಾಡು ಅಂತ ನನಗೇ ಹೇಳ್ಯಾರ,” ಎಂದು ಅವರು ನಕ್ಕೋತ ಹೇಳಿದರು. “ಕಾಲುವಿ ಅದ ಅಂತ ಒಂದು ಸಹಿ ಹಾಕಿಬಿಡ್ರಿ. ನಿಮಗೂ ತ್ರಾಸ ಬ್ಯಾಡ, ನನಗೂ ಬ್ಯಾಡ. ಮುಂದಿನ ವರ್ಷ ನೋಡೋಣಂತ.”

ಮನುಷ್ಯ ಕೆಟ್ಟವನ ಹಾಗೆ ಕಾಣಲಿಲ್ಲ. ಮಕ್ಕಳ ಓದು ಬರಹ ವಿಚಾರಿಸಿದರು. ನಾನೇ ಚಹ ಕೊಟ್ಟೆ. ಮಾವನವರು ಸಹಿ ಹಾಕಲಿಲ್ಲ. ಸಾಹೇಬರು ಹೋದ ಮೇಲೆ ಕಟ್ಟೆಯ ಮೇಲೆ ಕುಳಿತು ನಮ್ಮ ಮನೆಯವರಿಗೆ ಹೇಳಿದರು: “ಪರೀಕ್ಷಾದಾಗ ಹುಡುಗೂರ ಪೇಪರ ಹುಡುಗೂರ ಕೈಯಾಗೇ ಕೊಟ್ಟು ನೀವೇ ಮಾರ್ಕ್ಸ್ ಹಾಕ್ಕೋರಿ ಅಂದ್ರ ಏನಾಗ್ತದೋ, ಇದು ಹಂಗೇ ಆತು. ತಿದ್ದಾವ ಬ್ಯಾರೇ ಇರಬೇಕೋ. ಅವನು ಯಾರ ಕೈಕೆಳಗೂ ಇರಬಾರದು.”

ಲೋಕಪಾಲ ಎಂಬ ಮಾತನ್ನು ನಾನು ಆಗಿನ್ನೂ ಕೇಳಿರಲಿಲ್ಲ. ಅದರ ಅರ್ಥ ನನಗೆ ತಿಳಿದದ್ದು ಅವತ್ತು ಕಟ್ಟೆಯ ಮೇಲೆ.

ಅದಾಗಿ ಸ್ವಲ್ಪ ದಿನಕ್ಕೆ ದಿಲ್ಲಿಯಲ್ಲಿ ಉಪವಾಸ ಶುರುವಾಯಿತು. ಟಿವಿ ತುಂಬ ಅದೇ. ಲಂಚ ತಿನ್ನುವವರನ್ನು ಹಿಡಿಯಲು ಯಾರ ಹಿಡಿತದಲ್ಲೂ ಇಲ್ಲದ ಲೋಕಪಾಲ ಎಂಬ ಒಂದು ಕಾವಲು ಬೇಕು, ಅದಕ್ಕೆ ಕಾಯ್ದೆ ಮಾಡಿರಿ ಎಂದು. ನಮ್ಮ ಸುರಪುರದಲ್ಲೂ ತಹಸೀಲ ಕಚೇರಿಯ ಮುಂದೆ ಪೆಂಡಾಲ್ ಹಾಕಿದರು. ಮುಂದೆ ನಿಂತವರು ಒಬ್ಬ ವಕೀಲರು. ಅಂಗಡಿಯವರು, ಮಾಸ್ತರರು, ಕಾಲೇಜಿನ ಹುಡುಗರು ಎಲ್ಲ ಸೇರಿದರು. ದಿಲ್ಲಿಯ ಹಾಗೆ ಒಬ್ಬರೇ ಕುಳಿತುಕೊಳ್ಳುವ ಶಕ್ತಿ ಇಲ್ಲಿ ಯಾರಿಗೂ ಇರಲಿಲ್ಲ. ಆದ್ದರಿಂದ ಸರದಿ ಉಪವಾಸ. ಇವತ್ತು ಐದು ಮಂದಿ, ನಾಳೆ ಬೇರೆ ಐದು ಮಂದಿ. ಮುಂಜಾನೆ ಕುಳಿತು ಸಂಜೆ ಲಿಂಬೆ ಶರಬತ್ತು ಕುಡಿದು ಏಳುವುದು.

ಶ್ರಾವಣ ಮಾಸ ಬೇರೆ. ನಮಗೆ ಹೆಂಗಸರಿಗೆ ಉಪವಾಸ ಹೊಸದಲ್ಲ. ಅಡಿಗೆ ಮುಗಿಸಿ ನಾವೂ ನಾಲ್ಕಾರು ಮಂದಿ ಹೋಗಿ ಮುಂದೆ ಕೂಡುತ್ತಿದ್ದೆವು, ಭಜನೆ ಹೇಳುತ್ತಿದ್ದೆವು. ದೇವರ ಸಲುವಾಗಿ ಉಪವಾಸ ಮಾಡುವ ನಾವು ಊರಿನ ಸಲುವಾಗಿ ಮಾಡುವವರ ಮುಂದೆ ಕುಳಿತಿದ್ದೇವೆ ಎಂದು ಮನಸ್ಸಿಗೆ ಒಂಥರಾ ಹಿಗ್ಗು. ಇಷ್ಟು ವಯಸ್ಸಿನಲ್ಲಿ ಗಂಡಸರ ಸಭೆಯಲ್ಲಿ ಮುಂದಿನ ಸಾಲಿಗೆ ನಾನು ಕುಳಿತದ್ದು ಅದೇ ಮೊದಲು.

ಮಾವನವರ ಸರದಿ ಸೋಮವಾರ ಬಂತು. ಬಿಳಿ ಧೋತರ, ಬಿಳಿ ಅಂಗಿ, ಹಣೆ ತುಂಬ ವಿಭೂತಿ. ವಕೀಲರು ಮೈಕ್ ಕೊಟ್ಟು ನಾಲ್ಕು ಮಾತು ಆಡಿರಿ ಎಂದರು. ಅಲ್ಲಿ ಎಲ್ಲರೂ ಆಡುತ್ತಿದ್ದರು. ಪ್ರಾಣ ಕೊಡುತ್ತೇವೆ, ರಕ್ತ ಕೊಡುತ್ತೇವೆ, ಕಾಯ್ದೆ ಬರುವತನಕ ಬಿಡುವುದಿಲ್ಲ ಎಂದು ಒಬ್ಬರಿಗಿಂತ ಒಬ್ಬರು ಜೋರು. ಮಾವನವರು ಎದ್ದು ನಿಂತು ಕೊರಳಲ್ಲಿದ್ದ ಲಿಂಗವಸ್ತ್ರ ಬಿಚ್ಚಿದರು. ಇಷ್ಟಲಿಂಗವನ್ನು ಎಡಗೈಯ ಅಂಗೈಯಲ್ಲಿ ಇಟ್ಟುಕೊಂಡರು. ಪೂಜೆಯಲ್ಲಿ ಹೇಗೆ ಹಿಡಿಯುತ್ತಿದ್ದರೋ ಹಾಗೆಯೇ. ಮೈಕಿನಲ್ಲಿ ಹೇಳಿದರು:

“ಆ ಕಾವಲುಗಾರ ಬಂದು ಕುರ್ಚಿ ಮ್ಯಾಲ ಕುಂಡ್ರೂತನಕ ನಾನು ಕಾಳಿನ ಊಟ ಮುಟ್ಟಂಗಿಲ್ಲ.”

ಅಷ್ಟೇ. ಕುಳಿತುಬಿಟ್ಟರು. ಜನ ಜಯಕಾರ ಹಾಕಿದರು. ನಾನೂ ಚಪ್ಪಾಳೆ ತಟ್ಟಿದೆ. ನನ್ನ ಎರಡೂ ಕೈಯಿಂದ ತಟ್ಟಿದೆ, ಅದನ್ನು ಮರೆಯುವುದಕ್ಕೆ ಆಗಿಲ್ಲ.

ಸಂಜೆ ಶರಬತ್ತು ಕುಡಿದು ಮನೆಗೆ ಬಂದರು. ದಿನವಿಡೀ ಉಪವಾಸ ಇದ್ದಾರೆಂದು ನಾನು ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ ಇಟ್ಟೆ. ಮಾವನವರು ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಆಚೆ ಸರಿಸಿದರು.

“ಒಂದು ಲೋಟ ಹಾಲು ಕೊಡವಾ.”

ಅತ್ತೆಯವರು ಕೇಳಿದರು, “ಯಾಕ್ರಿ, ಹೊಟ್ಟಿ ಸರಿ ಇಲ್ಲೇನು?”

“ಮುಂಜಾನಿ ಹೇಳೀನಲ್ಲ.”

“ಅದು ಅಲ್ಲಿ ಹೇಳಿದ್ರಿ.”

“ಅಲ್ಲಿ ಹೇಳಿದ್ದು ಇಲ್ಲಿ ಸುಳ್ಳಾಗ್ತದೇನು?”

ಅತ್ತೆಯವರು ಸಿಟ್ಟಿಗೆದ್ದರು. “ಸುರಪುರದಾಗ ಮಾಸ್ತರ ರೊಟ್ಟಿ ಬಿಟ್ಟಾನ ಅಂತ ದಿಲ್ಲಿಯವ್ರಿಗಿ ನಿದ್ದಿ ಹತ್ತಂಗಿಲ್ಲ, ಪಾಪ!” ಎಂದರು. ಮಾವನವರು ಹಾಲು ಕುಡಿದು ಹೋಗಿ ಮಲಗಿದರು.

ನಾಲ್ಕು ದಿನದ ಮಾತು ಎಂದು ನಾವು ತಿಳಿದೆವು. ಆ ವಾರದಲ್ಲೇ ದಿಲ್ಲಿಯ ಉಪವಾಸ ಮುಗಿಯಿತು. ಕಾಯ್ದೆ ಮಾಡುತ್ತೇವೆ ಎಂದು ಅಲ್ಲಿಯವರು ಮಾತು ಕೊಟ್ಟರಂತೆ. ನಮ್ಮೂರ ಪೆಂಡಾಲಿನಲ್ಲಿ ಪೇಢೆ ಹಂಚಿದರು, ಪಟಾಕಿ ಹೊಡೆದರು, ಪೆಂಡಾಲ್ ಬಿಚ್ಚಿದರು. ಎಲ್ಲರೂ ಮನೆಗೆ ಹೋಗಿ ಊಟ ಮಾಡಿದರು. ಮಾವನವರೊಬ್ಬರೇ ಮಾಡಲಿಲ್ಲ. ಪೇಢೆ ಮಾತ್ರ ತಿಂದರು, ಅದು ಹಾಲಿನದು ಎಂದು.

ನಮ್ಮ ಮನೆಯವರು ವಕೀಲರನ್ನು ಕರೆತಂದರು. ವಕೀಲರಿಗೆ ಸಂಕೋಚ. ಕುರ್ಚಿಯ ತುದಿಗೆ ಕುಳಿತುಕೊಂಡರು.

“ಮಾಸ್ತರ, ಮೈಕ್ ಮುಂದ ನಾನೂ ಪ್ರಾಣ ಕೊಡ್ತೀನಿ ಅಂದಿದ್ದೆ. ಕೊಟ್ಟೀನೇನ್ರಿ? ಇಲ್ಲೇ ಕುಂತೀನಿ ನೋಡ್ರಿ. ಅದು ಹೋರಾಟದ ಮಾತರಿ.”

“ನೀವು ಮಂದಿ ಮುಂದ ಹೇಳಿದ್ರಿ ವಕೀಲರ,” ಎಂದು ಮಾವನವರು ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡರು. “ನಾ ಇದರ ಮುಂದ ಹೇಳೀನಿ.”

ವಕೀಲರು ಏಳುವಾಗ ನನ್ನ ಕಡೆ ನೋಡಿದರು. “ಅಕ್ಕಾರ, ತಪ್ಪು ನಮ್ದೇ ಅದ. ಯಾರಿಗಿ ಮೈಕ್ ಕೊಡಬೇಕು ಅನ್ನೂದು ತಿಳೀಲಿಲ್ಲ ನಮಗ,” ಎಂದರು.

ಒಂದು ಪುಣ್ಯವೆಂದರೆ ಉಪವಾಸದ ಫರಾಳದಲ್ಲಿ ಏನೇನು ನಡೆಯುತ್ತದೋ ಅದನ್ನೆಲ್ಲ ಮಾವನವರು ಒಪ್ಪಿಕೊಂಡರು. ಸಾಬೂದಾಣಿ ಕಾಳಲ್ಲ ಎಂದು ಅತ್ತೆಯವರು ಅರ್ಧ ದಿನ ವಾದ ಮಾಡಿ ಗೆದ್ದರು. ಆಲೂಗಡ್ಡೆ, ಗೆಣಸು, ಬಾಳೆಹಣ್ಣು, ಶೇಂಗಾದ ಉಂಡೆ ನಡೆಯುತ್ತಿದ್ದವು. ಜೋಳ, ಗೋಧಿ, ಅಕ್ಕಿ, ಬೇಳೆ ಇಲ್ಲ. ಹಬ್ಬ ಹರಿದಿನ ಬಂದಾಗ ನಾವು ಹೋಳಿಗೆ ಉಣ್ಣುವುದು, ಅವರು ಪಕ್ಕದಲ್ಲಿ ಕುಳಿತು ಆಲೂಗಡ್ಡೆ ತಿನ್ನುವುದು. “ನೀವು ಉಣ್ರಿ, ನನಗೇನೂ ಆಸಿ ಇಲ್ಲ” ಎನ್ನುತ್ತಿದ್ದರು. ಆದರೆ ನಾನು ರೊಟ್ಟಿ ಬಡಿಯುವ ಹೊತ್ತಿಗೆ ಅವರು ಕಟ್ಟೆ ಬಿಟ್ಟು ಎದ್ದು ಹೊರಗೆ ಹೋಗುತ್ತಿದ್ದರು. ಬೇಗ ಬಡಿದು ಮುಗಿಸಬೇಕೆಂದು ನಾನು ಕೈ ಜೋರು ಮಾಡುತ್ತಿದ್ದೆ. ಅವಸರದಲ್ಲಿ ರೊಟ್ಟಿ ಹರಿಯುತ್ತಿದ್ದವು.

ವರ್ಷ ಕಳೆಯುವುದರೊಳಗೆ ಅವರಿಗೆ ಸಕ್ಕರೆ ಜಡ್ಡು ಬಂತು. ಶಹಾಪುರದಲ್ಲಿ ಒಬ್ಬ ಡಾಕ್ಟರರಿಗೆ ತೋರಿಸಿದೆವು. ಏನು ಊಟ ಮಾಡುತ್ತಾರೆ ಎಂದು ಕೇಳಿದರು. ನಾನು ಹೇಳಿದೆ. ಡಾಕ್ಟರರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು.

“ಸಕ್ಕರಿ ಜಡ್ಡಿನವ್ರಿಗಿ ಏನೇನು ತಿನಸಬಾರದೋ ಅದನ್ನೆಲ್ಲ ಹುಡುಕಿ ಹುಡುಕಿ ತಿನಸಾಕತ್ತೀರಲ್ಲಮ್ಮಾ! ಜ್ವಾಳದ ರೊಟ್ಟಿ ಕೊಡ್ರಿ. ಅದೇ ಇವರಿಗಿ ಔಷಧ.”

ನಾನು ಮಾವನವರ ಮುಖ ನೋಡಿದೆ. ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

ಮಠದ ಸ್ವಾಮಿಗಳಾದರೂ ಹೇಳಿದರೆ ಕೇಳಿಯಾರು ಎಂದು ನಾನೇ ಹೋಗಿ ಕಾಲಿಗೆ ಬಿದ್ದು ಬೇಡಿಕೊಂಡೆ. ದೊಡ್ಡ ಮನಸ್ಸು ಮಾಡಿ ಮನೆಗೇ ಬಂದರು. ಮಾವನವರು ಪಾದಪೂಜೆ ಮಾಡಿದರು. ಸ್ವಾಮಿಗಳು ಹೇಳಿದರು, “ಮಾಸ್ತರ, ಉಪವಾಸ ಅನ್ನೂದು ದೇವರ ಹಂತೇಕ ಹೋಗಾಕ. ದವಾಖಾನಿಗಿ ಹೋಗಾಕಲ್ಲ. ಸಾಕಿನ್ನ, ಬಿಡ್ರಿ. ನಾನು ಹೇಳಾಕತ್ತೇನಿ.”

ಮಾವನವರು ಕೈ ಮುಗಿದುಕೊಂಡೇ ಇದ್ದರು. “ಅಪ್ಪಾರ, ಕೈಯಾಗ ಲಿಂಗ ಇಟಗೊಂಡು ಆಡಿದ ಮಾತು ಇವತ್ತು ಹಿಂದಕ್ಕ ತಗೋತೀನಿ. ನಾಳಿ ಮುಂಜಾನಿ ಅದೇ ಕೈಯಾಗ ಹ್ಯಾಂಗ ಇಟಗೊಳ್ಳಲಿ? ಅದಷ್ಟು ಹೇಳಿಕೊಡ್ರಿ, ಈಗೇ ಉಣ್ತೀನಿ.”

ಸ್ವಾಮಿಗಳು ಶಾಲು ಹೊದ್ದುಕೊಂಡು ಎದ್ದರು. ಹೋಗುವಾಗ ಬಾಗಿಲ ಹತ್ತಿರ ನನಗೆ ಹೇಳಿದರು, “ತಂಗಿ, ಇದನ್ನ ನಾ ಬಿಡಸಾಕ ಆಗಂಗಿಲ್ಲ. ಆ ಕುರ್ಚಿ ಮ್ಯಾಲ ಯಾರರ ಲಗೂನ ಬಂದು ಕುಂಡ್ರಲಿ ಅಂತ ಬೇಡ್ಕೋ.”

ಅವತ್ತಿನಿಂದ ನಾನು ಹಾಗೆಯೇ ಬೇಡಿಕೊಂಡೆ. ಗುಡಿಯಲ್ಲಿ ಒಬ್ಬಳು ಮಕ್ಕಳಾಗಲಿ ಎಂದು ಬೇಡುತ್ತಿದ್ದಳು, ಒಬ್ಬಳು ಗಂಡ ಕುಡಿತ ಬಿಡಲಿ ಎಂದು. ಅವರ ನಡುವೆ ನಿಂತು ನಾನು, ಶಿವನೇ, ದಿಲ್ಲಿಯಲ್ಲಿ ಆ ಕುರ್ಚಿ ತುಂಬಲಿ ಎಂದು ಬೇಡುತ್ತಿದ್ದೆ. ಆ ಕುರ್ಚಿ ಹೇಗಿದೆಯೋ, ಎಲ್ಲಿದೆಯೋ ನನಗೆ ಗೊತ್ತಿಲ್ಲ. ದೇವರಿಗೂ ಈ ಬೇಡಿಕೆ ಹೊಸದಾಗಿತ್ತೋ ಏನೋ.

ಆಮೇಲೆ ನಾನು ಒಂದು ತಪ್ಪು ಮಾಡಿದೆ. ಡಾಕ್ಟರರ ಮಾತು ಕಿವಿಯಲ್ಲಿ ಕುಳಿತಿತ್ತು. ಒಂದು ದಿನ ಜೋಳದ ಹಿಟ್ಟನ್ನು ತುಪ್ಪದಲ್ಲಿ ಚೆನ್ನಾಗಿ ಹುರಿದು ಶೇಂಗಾದ ಉಂಡೆಯಲ್ಲಿ ಕಲಸಿದೆ. ಒಂದು ಹಿಡಿಗಿಂತ ಕಡಿಮೆಯೇ. ಶಿವನ ಮುಂದೆ ನಿಂತು ಪಾಪವಾದರೆ ನನಗಿರಲಿ ಎಂದೂ ಹೇಳಿಕೊಂಡೆ. ಮಾವನವರು ಉಂಡೆ ಮುರಿದು ಬಾಯಿಗೆ ಹಾಕಿಕೊಂಡರು. ಅಗಿಯುತ್ತಿದ್ದ ಬಾಯಿ ನಿಂತಿತು. ಎದ್ದು ಬಚ್ಚಲಿಗೆ ಹೋಗಿ ಉಗುಳಿ ಬಾಯಿ ಮುಕ್ಕಳಿಸಿ ಬಂದರು.

“ಜ್ವಾಳದ ವಾಸನಿ ನನಗ ಗೊತ್ತಾಗಂಗಿಲ್ಲೇನವಾ?” ಎಂದರು.

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಪ್ರಾಯಶ್ಚಿತ್ತ ಎಂದು ಮೂರು ದಿನ ಬರೀ ನೀರು ಕುಡಿದರು. ಸಕ್ಕರೆ ಜಡ್ಡಿನ ಗುಳಿಗೆ ಮಾತ್ರ ನುಂಗುತ್ತಲೇ ಇದ್ದರು, ಅದು ನಮಗೆ ತಿಳಿಯಲಿಲ್ಲ. ಮೂರನೆಯ ದಿನ ಪೂಜೆಯ ಮಣೆಯ ಮೇಲಿಂದಲೇ ಪಕ್ಕಕ್ಕೆ ವಾಲಿದರು. ಮೈಯೆಲ್ಲ ಬೆವರು. ದವಾಖಾನೆಯಲ್ಲಿ ಸಲಾಯನ್ ಏರಿಸಿದ ಮೇಲೆ ಕಣ್ಣು ಬಿಟ್ಟರು. ಅವರ ಬಾಯಿಗೆ ರೊಟ್ಟಿಯ ಸತ್ವ ಹೋಗಲಿ ಎಂದು ಮಾಡಲು ಹೋಗಿ ನಾನು ಅವರ ಜೀವವನ್ನೇ ತೆಗೆಯುತ್ತಿದ್ದೆ. ಮೂರು ದಿನ ಯಾಕೆ ಏನೂ ತಿನ್ನಲಿಲ್ಲ ಎಂದು ಅತ್ತೆಯವರು ಎಷ್ಟು ಕೇಳಿದರೂ ಮಾವನವರು ನನ್ನ ಹೆಸರು ಎತ್ತಲಿಲ್ಲ. ಅಷ್ಟು ದಯೆ ತೋರಿಸಿದರು.

ಇನ್ನೂ ಒಂದು ಚಳಿಗಾಲ ಬಂದಾಗ ಟಿವಿಯಲ್ಲಿ ಕಾಯ್ದೆ ಪಾಸಾಯಿತು ಎಂದು ಬಂತು. ಅತ್ತೆಯವರು ಒಳಗೆ ಓಡಿ ಬಂದು, “ಆತು! ಆತಂತ! ಹಿಟ್ಟು ನಾದು!” ಎಂದರು. ನಾನು ಅಳುತ್ತಲೇ ಹಿಟ್ಟು ನಾದಿದೆ. ಅವತ್ತು ಒಂದು ರೊಟ್ಟಿಯೂ ಹರಿಯಲಿಲ್ಲ. ಬದನೆಕಾಯಿ ಎಣ್ಣೆಗಾಯಿ, ಮೊಸರು, ಶೇಂಗಾ ಹಿಂಡಿ ಎಲ್ಲ ಬಡಿಸಿದೆವು. ಮಾವನವರು ಕೈಕಾಲು ತೊಳೆದು ವಿಭೂತಿ ಹಚ್ಚಿಕೊಂಡು ಬಂದು ಕುಳಿತರು. ರೊಟ್ಟಿ ಮುಟ್ಟುವ ಮೊದಲು ನಮ್ಮ ಮನೆಯವರನ್ನು ಕೇಳಿದರು:

“ಯಾರನ್ನ ಕುಂಡ್ರಿಸ್ಯಾರೋ?”

“ಕಾಯ್ದೆ ಆಗ್ಯಾದಪ್ಪಾ. ಇನ್ನ ಆರಸ್ತಾರ.”

“ಅಂದ್ರ ಕುರ್ಚಿ ಖಾಲಿ ಅದ.”

“ಇವತ್ತಿಲ್ಲಂದ್ರ ನಾಳಿ ಕುಂಡ್ರಸ್ತಾರಲ್ಲಪ್ಪಾ! ಕಾಗದದ ಮ್ಯಾಲ ಬಂತಲ್ಲ!”

ಮಾವನವರು ತಟ್ಟೆಯ ಕಡೆ ನೋಡಿದರು. “ನಮ್ಮ ಹೊಲಗಾಲುವೀನೂ ಕಾಗದದ ಮ್ಯಾಲ ಬಂದಿತ್ತು,” ಎಂದರು.

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಒಲೆಯ ಮೇಲೆ ಸಾಬೂದಾಣಿಗೆ ನೀರು ಇಟ್ಟೆ. ನಿಜ ಹೇಳಬೇಕೆಂದರೆ ಆ ಹೊತ್ತು ನನಗೆ ಮಾವನವರ ಮೇಲೆ ಬಂದಷ್ಟು ಸಿಟ್ಟು ಯಾರ ಮೇಲೂ ಬಂದಿಲ್ಲ. ಹಟವೋ ವ್ರತವೋ ತಿಳಿಯದಾಯಿತು. ಆದರೆ ಅವರ ಮಾತಿನಲ್ಲಿ ತಪ್ಪೂ ಹುಡುಕಲು ಆಗಲಿಲ್ಲ. ದೇವಾಪುರದ ಹೊಲದಲ್ಲಿ ಆಗಲೂ ನೀರಿರಲಿಲ್ಲ. ಕಡತದಲ್ಲಿ ಹರಿಯುತ್ತಲೇ ಇತ್ತು.

ಅವತ್ತಿನಿಂದ ದಿನಪತ್ರಿಕೆ ಬಂದ ಕೂಡಲೇ ಮಾವನವರು ಆ ಸುದ್ದಿ ಹುಡುಕುತ್ತಿದ್ದರು. ಆರಿಸುವ ಸಮಿತಿಯೇ ಕೂಡಿಲ್ಲ ಎಂದು ಒಮ್ಮೆ. ಕಾಯ್ದೆಯಲ್ಲಿ ಏನೋ ತಿದ್ದಬೇಕಂತೆ ಎಂದು ಇನ್ನೊಮ್ಮೆ. ಬರಬರುತ್ತ ಆ ಸುದ್ದಿ ಬರುವುದೇ ನಿಂತಿತು. ಪೆಂಡಾಲಿನಲ್ಲಿ ಕುಳಿತವರು ಚುನಾವಣೆ ಬಂದಾಗ ಒಬ್ಬೊಬ್ಬರು ಒಂದೊಂದು ಪಕ್ಷದ ಶಾಲು ಹಾಕಿಕೊಂಡು ಓಡಾಡಿದರು. ವಕೀಲರು ದಾರಿಯಲ್ಲಿ ನಮ್ಮ ಮನೆಯವರನ್ನು ಕಂಡರೆ ಗಲ್ಲಿ ತಿರುಗಿಬಿಡುತ್ತಿದ್ದರಂತೆ. ಊರು ಮರೆತಿತು. ಮಾವನವರ ಕೂಡ ಉಪವಾಸ ಕುಳಿತ ಒಬ್ಬ ಅಂಗಡಿಯವರು ಒಂದು ಮದುವೆ ಮನೆಯಲ್ಲಿ ಅವರನ್ನು ಕಂಡು, “ಯಾಕ್ರಿ ಮಾಸ್ತರ, ಊಟಕ್ಕ ಕುಂಡ್ರವಲ್ರಿ? ಬೀಗರ ಮ್ಯಾಲ ಸಿಟ್ಟೇನು?” ಎಂದು ಕೇಳಿದರು. ಮಾವನವರು ನಕ್ಕು ಬಾಳೆಹಣ್ಣು ಸುಲಿದುಕೊಂಡರು.

ಮೈ ಇಳಿಯಿತು. ಕಣ್ಣು ಮಂಜಾದವು. ಕಾಲಿನ ಗಾಯ ಆರಲು ತಿಂಗಳುಗಟ್ಟಲೆ ಬೇಕಾಯಿತು. ಆರಿತಲ್ಲ ಎಂದು ಗುಡಿಗೆ ಹೋಗಿ ಕಾಯಿ ಒಡೆಸಿದೆ. ನಾನು ಮಾಡಬಹುದಾದದ್ದು ಅಷ್ಟೇ ಇತ್ತು. ಆಲೂಗಡ್ಡೆ ಕಡಿಮೆ ಮಾಡಿ ಶೇಂಗಾ ಹೆಚ್ಚು ಮಾಡುವುದು, ಹಾಲಿಗೆ ಸಕ್ಕರೆ ಹಾಕದಿರುವುದು. ಯಾರಿಗೆ ಅರ್ಜಿ ಬರೆಯಲಿ? ನಮ್ಮ ಮಾವನವರ ಊಟ ದಿಲ್ಲಿಯಲ್ಲಿ ಸಿಕ್ಕಿಕೊಂಡಿದೆ, ಬಿಡಿಸಿಕೊಡಿ ಎಂದು ಯಾವ ಕಚೇರಿಗೆ ಬರೆಯಲಿ?

ಏಳನೆಯ ಶ್ರಾವಣ ಕಳೆದು ದೀಪಾವಳಿಯ ಮುಂದೆ ಅವರಿಗೆ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು. ಎಡಗೈ ಉಳಿಯಿತು. ಲಿಂಗ ಹಿಡಿಯುವ ಕೈ ಉಳಿಯಿತಲ್ಲ ಎಂದು ನಾನು ಶಿವನಿಗೆ ಕೈ ಮುಗಿದೆ. ಮಾತು ಹದಿನೈದು ದಿನಕ್ಕೆ ತೊದಲುತ್ತ ಬಂತು. ನೆನಪು ಮಾತ್ರ ಚೂರುಚೂರಾಗಿ ಬಂತು. ಹಳೆಯ ಶಾಲೆಯ ಹುಡುಗರೆಲ್ಲ ನೆನಪಿದ್ದರು. ಇತ್ತೀಚಿನ ವರ್ಷಗಳು ಒರೆಸಿದ ಹಲಗೆಯ ಹಾಗೆ ಹೋಗಿಬಿಟ್ಟಿದ್ದವು. ಅರ್ಜಿ, ಸಾಹೇಬರು, ಪೆಂಡಾಲ್ ಯಾವುದೂ ಇಲ್ಲ.

ಒಂದು ಮುಂಜಾನೆ ನಾನು ರೊಟ್ಟಿ ಬಡಿಯುತ್ತಿದ್ದೆ. ಈಗ ಅವರು ಎದ್ದು ಹೊರಗೆ ಹೋಗುವಂತಿರಲಿಲ್ಲ. ಪಡಸಾಲೆಯ ಮಂಚದಿಂದ ಕೂಗಿದರು.

“ಯವ್ವಾ, ಹಸಿವ್ಯಾಗ್ಯಾದ. ರೊಟ್ಟಿ ಕೊಡಂಗಿಲ್ಲೇನು?”

ನಾನು ಬಡಿಯುವುದನ್ನು ನಿಲ್ಲಿಸಿದೆ. ಕೇಳಿದ್ದು ಸರಿಯೋ ಇಲ್ಲವೋ ಎಂದು ಅತ್ತೆಯವರ ಮುಖ ನೋಡಿದೆ. ಅವರೂ ನನ್ನನ್ನೇ ನೋಡುತ್ತಿದ್ದರು.

“ಕೊಡು,” ಎಂದರು ಅತ್ತೆಯವರು.

“ಅತ್ತಿ, ಅವ್ರಿಗಿ ನೆನಪಿಲ್ಲ.”

“ನೆನಪಿಲ್ಲಂತೇ ಕೊಡು ಅನ್ನಾಕತ್ತೇನಿ. ದೇವರೇ ಮರಸ್ಯಾನ. ನೀ ಯಾಕ ನೆನಪು ಮಾಡ್ತಿ?”

ನಮ್ಮ ಮನೆಯವರೂ ಬಂದು ನಿಂತರು. ಕೊಡು ಎಂದು ಬಾಯಿಂದ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಕುರ್ಚಿ ಖಾಲಿಯೇ ಇತ್ತು, ಅದು ನಮಗೆಲ್ಲ ಗೊತ್ತಿತ್ತು. ಆರು ವರ್ಷಕ್ಕೂ ಮೇಲೆ ಒಂದು ಹಿಡಿ ಹಿಟ್ಟಿಗೂ ಬಗ್ಗದ ಮನುಷ್ಯನ ಮಾತನ್ನು ಈಗ ಅವರಿಗೆ ತಿಳಿಯದ ಹಾಗೆ ನಾನು ಮುರಿಯಬೇಕು. ಇಲ್ಲದಿದ್ದರೆ ಹಸಿದು ಕೇಳುತ್ತಿರುವ ಮುದುಕರಿಗೆ ಮನೆಯಲ್ಲಿ ರೊಟ್ಟಿ ಇದ್ದೂ ಇಲ್ಲವೆನ್ನಬೇಕು. ನೆನಪು ಮಾಡಿಕೊಟ್ಟರೆ ಖಂಡಿತ ಬೇಡ ಎನ್ನುತ್ತಾರೆ. ಆಮೇಲೆ ಮರೆತು ಮತ್ತೆ ಕೇಳುತ್ತಾರೆ. ದಿನಾ ಮುಂಜಾನೆ ಹೊಸದಾಗಿ ಅವರಿಂದ ರೊಟ್ಟಿ ಕಸಿಯಬೇಕು.

“ಮನ್ಯಾಗ ಜ್ವಾಳ ಇಲ್ಲೇನವಾ?” ಎಂದು ಅವರು ಮತ್ತೆ ಕೇಳಿದರು.

ಆ ಮಾತು ನನಗೆ ತಡೆಯಲಾಗಲಿಲ್ಲ. ಒಂದು ರೊಟ್ಟಿ ಹಾಲಿನಲ್ಲಿ ಮುರಿದು ನೆನೆಹಾಕಿ ತಂದೆ. ಚಮಚದಿಂದ ತಿನ್ನಿಸಿದೆ. ಕಣ್ಣು ಮುಚ್ಚಿಕೊಂಡು ತಿಂದರು. ಅತ್ತೆಯವರು ಸೆರಗು ಬಾಯಿಗೆ ಇಟ್ಟುಕೊಂಡು ಹಿತ್ತಲಿಗೆ ಹೋದರು.

ಐದು ತಿಂಗಳು ಅವರು ರೊಟ್ಟಿ ತಿಂದರು. ಶಹಾಪುರದ ಡಾಕ್ಟರರು ಸಕ್ಕರೆ ಹಿಡಿತಕ್ಕೆ ಬಂದಿದೆ ಎಂದರು. ಯುಗಾದಿ ಕಳೆದು ಬಿಸಿಲು ಏರುವ ಹೊತ್ತಿಗೆ ತೀರಿಕೊಂಡರು. ಅದಾಗಿ ಮತ್ತೊಂದು ವರ್ಷ ಹತ್ತಿರ ಬಂದಾಗ ದಿಲ್ಲಿಯಲ್ಲಿ ಕುರ್ಚಿಗೆ ಆಳು ಬಂದ ಸುದ್ದಿ ಪತ್ರಿಕೆಯಲ್ಲಿ ಸಣ್ಣದಾಗಿ ಬಂತು. ನಮ್ಮ ಮನೆಯವರು ಓದಿ ಪತ್ರಿಕೆ ಮಡಿಚಿ ಇಟ್ಟರು.

ನಾನು ಮಾಡಿದ್ದು ಸರಿಯೇ ಎಂದು ಸ್ವಾಮಿಗಳನ್ನು ಕೇಳಲು ಹೋಗಿ ಎರಡು ಸಲ ಮಠದ ಬಾಗಿಲಿನಿಂದ ತಿರುಗಿ ಬಂದಿದ್ದೇನೆ. ರೊಟ್ಟಿ ತಿಂದ ಆ ದಿನಗಳಲ್ಲಿ ಅವರ ಮುಖ ತಿಳಿಯಾಗಿತ್ತು, ಅದನ್ನು ಶಿವನ ದಯೆ ಎಂದು ಎಣಿಸಬೇಕೆಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೆ ಒಂದು ಮುಂಜಾನೆ ಇತ್ತು. ನಾನು ಅವರಿಗೆ ವಿಭೂತಿ ಹಚ್ಚಿ ಎಡ ಅಂಗೈಯಲ್ಲಿ ಲಿಂಗ ಇಟ್ಟು, ಅಲುಗಾಡದಿರಲಿ ಎಂದು ಕೆಳಗೆ ನನ್ನ ಕೈ ಕೊಟ್ಟಿದ್ದೆ. ಅವರು ಬಹಳ ಹೊತ್ತು ಲಿಂಗವನ್ನೇ ನೋಡಿದರು. ಹುಬ್ಬು ಗಂಟಿಕ್ಕಿತು. ಬಿಡಿಸಿದ ಲೆಕ್ಕದಲ್ಲಿ ಎಲ್ಲಿ ತಪ್ಪಿದೆ ಎಂದು ಹುಡುಕುವ ಮಾಸ್ತರರ ಹಾಗೆ.

“ಯವ್ವಾ,” ಎಂದರು ತೊದ‌ಲುತ್ತ, “ನಾ ಇದರ ಮುಂದ ಏನರ ಹೇಳಿದ್ನೇನು? ಏನರ ಮರತೀನೇನು?”

ಅವರ ಕೈಯ ಕೆಳಗೆ ನನ್ನ ಕೈ ಇತ್ತು. ತೆಗೆಯುವ ಹಾಗೂ ಇರಲಿಲ್ಲ.

“ಇಲ್ಲರಿ ಮಾವಾರ,” ಎಂದೆ. “ಏನೂ ಮರತಿಲ್ಲ.”